ನಾಯಿಮರಿಯ ಬಾಯಿಗೆ ಗರಿಕೆ ಬಂದದ್ದು

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಸೋದರತ್ತೆ ಸಿದ್ದವೀರಮ್ಮನವರು. ದೇವರ ದೀಪಕ್ಕೆಂದು ಹೊಸೆದಿಟ್ಟ ಬತ್ತಿಗಳನ್ನೆಲ್ಲ ಮನೆಯ ನಾಯಿಮರಿ ನುಂಗಿ, ಆಮೇಲೆ ಹಿತ್ತಿಲಿಗೆ ಹೋಗಿ ಹಸುವಿನ ಹಾಗೆ ಹುಲ್ಲು ಕಡಿಯುತ್ತ ನಿಂತ ದಿನ, ಹಣೆ ಹಣೆ ಬಡಿದುಕೊಂಡು ಹೇಳಿದ್ದು. ಅವರು ಹೇಳಿದ ಹಾಗೆಯೇ ಇಲ್ಲಿದೆ. ಹೆಚ್ಚುಕಡಿಮೆ ಇದ್ದರೆ ಶಿವನೇ ಬಲ್ಲ.

ಲೋಕ ಇನ್ನೂ ಹೊಸದಾಗಿದ್ದ ಕಾಲ. ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ತಿಳಿದಿರಲಿಲ್ಲ. ದಾರಿಯಲ್ಲಿ ಸಿಕ್ಕ ಕಲ್ಲುಬಂಡೆಗಳನ್ನು ಕೇಳಿಕೊಂಡು ಹೋಗುತ್ತಿದ್ದವು.

ಯಾವ ಪ್ರಾಣಿಗೆ ಯಾವ ಊಟ ಎಂಬುದೂ ಆಗ ಗೊತ್ತಾಗಿರಲಿಲ್ಲ. ಅದಕ್ಕೆ ಭೂಮ್ತಾಯಿ ಒಂದು ಪದ್ಧತಿ ಮಾಡಿದಳು. ಕುಲದ ಮೊದಲ ಮರಿಯ ಮುಂದೆ ಒಂದು ಮೊರ ಇಡುವುದು, ಮೊರದ ತುಂಬ ಬಗೆಬಗೆಯ ತಿನಿಸು. ಹೊತ್ತು ಮುಳುಗುವುದರೊಳಗೆ ಮರಿ ಅದರಲ್ಲಿ ಯಾವುದಕ್ಕೆ ಬಾಯಿಡುತ್ತದೋ ಅದೇ ಆ ಕುಲದ ಊಟ. ಹೀಗೆ ಕರು ಹುಲ್ಲಿಗೆ ಬಾಯಿಟ್ಟಿತು, ಹುಲ್ಲು ದನದ ಪಾಲಾಯಿತು. ಕೊಕ್ಕರೆಮರಿ ಮೀನಿಗೆ ಕೊಕ್ಕಿಟ್ಟಿತು, ಮೀನು ಅದರ ಪಾಲಾಯಿತು. ಆದರೆ ಇನ್ನೊಬ್ಬರ ಪಾಲಿಗೆ ಬಾಯಿ ಹಾಕಿದರೆ, ಹಾಕಿದವರ ಮೊರ ಅಲ್ಲಿಗೆ ಹೋಯಿತು. ಮತ್ತೆ ಸಿಗುವುದಿಲ್ಲ.

ನಾಯಿಯ ಕುಲದ ಸರದಿ ಬಂತು. ತಾಯಿಯ ಹೆಸರು ಕೆಂಚವ್ವ, ಮರಿಯ ಹೆಸರು ಬೂದ. ಮೊರದ ನಡುವೆ ತುಪ್ಪ ಸವರಿದ ಬಿಸಿ ರಾಗಿಮುದ್ದೆ ಕೂತಿತ್ತು. ಅದನ್ನು ನೋಡಿ ಕೆಂಚವ್ವನ ಕಣ್ಣು ತುಂಬಿ ಬಂತು. "ನನ್ನ ಮಗ ಇದಕ್ಕೆ ಬಾಯಿಟ್ಟರೆ ಸಾಕು. ನಮ್ಮ ವಂಶ ಯಾರ ಬಾಗಿಲೂ ಕಾಯಬೇಕಾಗಿಲ್ಲ."

ಅಷ್ಟು ಹೊತ್ತಿಗೆ ಬೂದ ಮೊರದತ್ತ ಮೂತಿ ಚಾಚಿಯೇಬಿಟ್ಟಿದ್ದ. ಕೆಂಚವ್ವ ಕತ್ತು ಹಿಡಿದು ಎಳೆದಳು.

"ತಾಳೋ, ಹೊಟ್ಟೆಬಾಕ! ಇಷ್ಟು ದೊಡ್ಡ ಕೆಲಸ, ಒಳ್ಳೆಯ ಗಳಿಗೆ ನೋಡದೆ ಮಾಡ್ತಾರಾ?"

ಮೊರಕ್ಕೆ ಮುತ್ತುಗದ ಎಲೆ ಮುಚ್ಚಿ, ಅದರ ಮೇಲೆ ಕಲ್ಲು ಹೇರಿ, ಅವಳು ಆಲದ ಮರದ ಗೂಬೆ ಜೋಯಿಸರ ಹತ್ತಿರ ಓಡಿದಳು.

"ಜೋಯಿಸರೇ, ಮಗುವಿಗೆ ಬಾಯಿ ಮುಟ್ಟಿಸೋಕೆ ಒಂದು ಗಳಿಗೆ ಹೇಳಿ."

ಗೂಬೆ ಒಂದು ಕಣ್ಣು ತೆರೆಯಿತು. ಬಿಸಿಲು ಚುಚ್ಚಿತು. ಮುಚ್ಚಿಕೊಂಡಿತು. "ಈಗ ರಾಹುಕಾಲ. ತಾಳಮ್ಮ."

ಕೆಂಚವ್ವ ಹಿಂದಿರುಗಿದಳು. ಬೂದನ ಬಾಯಿ ತುಂಬ ಮಣ್ಣು.

"ಥೂ, ಉಗಿಯೋ! ಮಣ್ಣು ತಿನ್ನುವ ವಸ್ತುವೇನೋ?"

"ಹಸಿವವ್ವಾ," ಎಂದ ಬೂದ. ಎಂದು, ನುಂಗಿದ.

ಅವಳು ಮತ್ತೆ ಆಲದ ಮರಕ್ಕೆ ಹೋದಳು. "ರಾಹುಕಾಲ ಕಳೀತಾ, ಜೋಯಿಸರೇ?"

"ಕಳೀತು. ಗುಳಿಕಕಾಲ ಬಂತು. ತಾಳಮ್ಮ," ಎಂದು ಗೂಬೆ ಕಣ್ಣು ತೆರೆಯದೆಯೇ ಹೇಳಿ ಗೊರಕೆ ಹೊಡೆಯಿತು.

ಅಷ್ಟರಲ್ಲಿ ಗಾಳಿ ಬೀಸಿ ಬಂತು. ಊರಿನ ಸುದ್ದಿಯೆಲ್ಲ ಅದರ ಬಾಯಲ್ಲೇ ಇರುತ್ತಿತ್ತು.

"ಕೆಂಚವ್ವಾ, ನಿನ್ನ ಮಗ ಈಗ ಕಡ್ಡಿ ಅಗೀತಿದ್ದಾನೆ."

"ಅಯ್ಯೋ!"

"ಕಡ್ಡಿ ಮುಗೀತು. ಇದ್ದಿಲು ಶುರುವಾಯ್ತು."

"ಅಯ್ಯೋ, ನೋಡಿಕೊಂಡು ಬರೋದರ ಬದಲು ಬಾಯಿಂದ ಕಿತ್ಕೋಬಾರದಿತ್ತಾ?"

"ಗಾಳಿಗೆ ಕೈ ಎಲ್ಲಿದೆಯಮ್ಮಾ?" ಎಂದು ಗಾಳಿ ನಗುತ್ತ ಹೋಯಿತು.

ಕೆಂಚವ್ವ ಓಡಿ ಬಂದು ಬೂದನ ದವಡೆ ಬಿಡಿಸಿದಳು. ಒಂದು ಕಡ್ಡಿ ತೆಗೆದರೆ ಅದರ ಹಿಂದೆ ತರಗೆಲೆ. ತರಗೆಲೆ ತೆಗೆದರೆ ಅದರ ಹಿಂದೆ ಕಾಗೆಯ ಪುಕ್ಕ. ಪುಕ್ಕ ತೆಗೆಯುವಷ್ಟರಲ್ಲಿ ಅವನು ಮುಂಗಾಲಿನಿಂದ ಒಂದು ಮರದ ಚಕ್ಕೆ ಎಳೆದುಕೊಂಡಿದ್ದ. ಇವು ಯಾರ ಪಾಲೂ ಅಲ್ಲ, ಊಟವೂ ಅಲ್ಲ. ಭೂಮ್ತಾಯಿಗೆ ಕೂಡ ಇವುಗಳಿಗೊಂದು ನಿಯಮ ಮಾಡಬೇಕೆಂದು ತೋಚಿರಲಿಲ್ಲ. ತಿನ್ನುವವರು ಹುಟ್ಟುತ್ತಾರೆಂದು ಯಾರು ಕಂಡಿದ್ದರು!

"ಶಿವನೇ, ಯಾವ ಜನ್ಮದ ಪಾಪಕ್ಕೆ ಇಂಥ ಬಾಯಿ ಕೊಟ್ಟೆ!" ಎಂದು ನಿಟ್ಟುಸಿರಿಟ್ಟು, ಅವಳು ಮತ್ತೆ ಆಲದ ಮರಕ್ಕೆ ಹೋದಳು. ಗೂಬೆ ಮತ್ತೆ ತಾಳಮ್ಮ ಎಂದಿತು. ಅವಳು ಮತ್ತೆ ತಾಳಿದಳು.

ಹೊತ್ತು ಪಡುವಣಕ್ಕೆ ಇಳಿಯಿತು. ಈ ಸಲ ಅವಳು ಹಿಂದಿರುಗಿದಾಗ ಬೂದ ಏನನ್ನೂ ಅಗಿಯುತ್ತಿರಲಿಲ್ಲ. ಅದಕ್ಕೇ ಅವಳಿಗೆ ಭಯವಾಯಿತು. ಮರಿ ಮೊರದ ಪಕ್ಕ ಅಡ್ಡಬಿದ್ದಿತ್ತು. ಹೊಟ್ಟೆ ಸೋರೆಬುರುಡೆಯ ಹಾಗೆ ಉಬ್ಬಿತ್ತು, ಉಸಿರು ಎಳೆಯುತ್ತಿತ್ತು.

"ಬೂದಾ! ಏಳೋ ಕಂದಾ! ಬೈಯಲ್ಲ, ಏಳೋ!"

ಬೂದ ಏಳಲಿಲ್ಲ. ಕೆಂಚವ್ವ ಊಳಿಟ್ಟಳು. ಆ ಊಳಿಗೆ ಪಕ್ಕದ ಗರಿಕೆ ತಲೆ ಎತ್ತಿತು. ಗರಿಕೆ ಸಣ್ಣದು, ಮಾತು ಕಡಿಮೆ.

"ಅವನ ಹೊಟ್ಟೆಯೊಳಗೆ ಇರೋರು ತಾವಾಗಿ ಬರೋರಲ್ಲ, ಕೆಂಚವ್ವಾ. ನಾನು ಒಳಗೆ ಹೋಗಿ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಆದರೆ ನಾನು ದನದ ಪಾಲು. ಮುದ್ದೆಗೆ ಮೊದಲಾಗಲಿ ಆಮೇಲಾಗಲಿ, ನನಗೆ ಬಾಯಿ ಹಾಕಿದರೆ ನಿನ್ನ ಮೊರ ಹೋಗುತ್ತೆ. ಯೋಚನೆ ಮಾಡು."

ಆಗಲೇ ಆಲದ ಮರದಿಂದ ಜೋಯಿಸರ ಕೂಗು ಬಂತು. ಬಿಸಿಲು ತಗ್ಗಿ ಅವರ ಕಣ್ಣು ಬಿಚ್ಚಿಕೊಂಡಿತ್ತು. "ಕೆಂಚವ್ವಾ! ಈಗ ನೋಡು ಅಮೃತಗಳಿಗೆ! ಮುಟ್ಟಿಸು, ಮುಟ್ಟಿಸು!"

ಕೆಂಚವ್ವ ಕಲ್ಲು, ಎಲೆ ಸರಿಸಿ ಮೊರ ನೋಡಿದಳು. ಮುದ್ದೆ ತಣ್ಣಗಾಗಿದ್ದರೂ ಮುದ್ದೆಯೇ. ಮರಿಯ ನಾಲಿಗೆಗೆ ಒಂದು ತುತ್ತು ಸವರಿದರೆ ಸಾಕು, ವಂಶಕ್ಕೆಲ್ಲ ಊಟ. ಮರಿಯ ಮುಖ ನೋಡಿದಳು.

"ಅಮೃತವಂತೆ!" ಎಂದು ಅವಳು ಹಲ್ಲು ಕಡಿದಳು. "ಹಗಲು ಕಾಣದವರ ಹತ್ತಿರ ಹಗಲಿನ ಗಳಿಗೆ ಕೇಳಿದೆನಲ್ಲ, ನನ್ನ ಬುದ್ಧಿಗಿಷ್ಟು!"

ಹಿಂಗಾಲಿನಿಂದ ಮೊರಕ್ಕೆ ಒದ್ದಳು. ಮುದ್ದೆ ಉರುಳಿ ಪಕ್ಕದ ಹೊಳೆಗೆ ಬಿತ್ತು. ಗರಿಕೆಯನ್ನು ಕಚ್ಚಿ ತಂದು ಮಗನ ಬಾಯಿಗಿಟ್ಟಳು.

"ತಿನ್ನು ಮಗನೇ. ಇದೊಂದನ್ನಾದರೂ ನಾನು ಹೇಳಿದ್ದಕ್ಕೆ ತಿನ್ನು."

ಬೂದ ಮೆಲ್ಲಗೆ ಅಗಿದ. ಗರಿಕೆ ಒಳಗೆ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮರಿಯ ಬೆನ್ನು ಬಿಲ್ಲಾಯಿತು, ಗಕ್ಕೆಂದಿತು, ಮಣ್ಣು, ಕಡ್ಡಿ, ಇದ್ದಿಲು, ಚಕ್ಕೆ, ಎಲ್ಲರೂ ಸಾಲಾಗಿ ಹೊರಗೆ ಬಂದರು. ಎಲ್ಲರ ಹಿಂದೆ ನೊರೆಯಲ್ಲಿ ಗರಿಕೆ ಬಂತು.

ಬೂದ ಎದ್ದು ನಿಂತ. ಮೈ ಕೊಡವಿದ. ಕೆಂಚವ್ವ ಶಿವ ಶಿವಾ ಎಂದು ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ಬಿಟ್ಟು ನೋಡಿದರೆ, ಮಗರಾಯ ಈಗ ತಾನೇ ಹೊರಬಿದ್ದ ಕಡ್ಡಿಯನ್ನು ಮತ್ತೆ ಬಾಯಿಗೆ ಹಾಕಿಕೊಂಡಿದ್ದ.

"ಬೂದಾ!"

ಹೊತ್ತು ಮುಳುಗಿತು. ಭೂಮ್ತಾಯಿ ಬಂದು ಬರಿ ಮೊರ ಎತ್ತಿಕೊಂಡಳು. ಅವಳಿಗೂ ನಗು ಬಂದಿತ್ತು, ಅಳುವೂ ಬಂದಿತ್ತು. "ನಿಯಮ ನಿಯಮವೇ, ಕೆಂಚವ್ವಾ. ನಿನ್ನ ಕುಲಕ್ಕೆ ಇಂಥದೇ ಊಟ ಅಂತ ಇಲ್ಲ. ದೊಡ್ಡವರಾದ ಮೇಲೆ ಮನುಷ್ಯರ ಬಾಗಿಲಲ್ಲಿ ಕೂತು ಕೊಟ್ಟದ್ದನ್ನು ತಿನ್ನಿ. ಮರಿಗಳು ತಮ್ಮ ಊಟ ಯಾವುದೆಂದು ಕಂಡದ್ದಕ್ಕೆಲ್ಲ ಬಾಯಿಟ್ಟು ಹುಡುಕಿಕೊಳ್ಳಲಿ. ಹೊಟ್ಟೆ ಕೆಟ್ಟರೆ ಗರಿಕೆ ಇದೆ. ದನಗಳಿಗೆ ನಾನು ಹೇಳ್ತೀನಿ, ಬೇಡ ಅನ್ನೋಲ್ಲ."

ಅದಕ್ಕೇ ಮಕ್ಕಳೇ, ಇವತ್ತಿಗೂ ನಾಯಿಮರಿಯನ್ನು ಅಂಗಳಕ್ಕೆ ಬಿಟ್ಟರೆ ಅದು ಮಣ್ಣು, ಕಡ್ಡಿ, ನಿಮ್ಮ ಚಪ್ಪಲಿ ಎಲ್ಲಕ್ಕೂ ಬಾಯಿ ಹಾಕಿ, ಕೊನೆಗೆ ಬೇಲಿಯ ಪಕ್ಕ ಹೋಗಿ ಕರುವಿನ ಹಾಗೆ ಹುಲ್ಲು ತಿನ್ನುತ್ತದೆ.

ಕೇಳಿದವರು ಇನ್ನೊಬ್ಬರಿಗೆ ಹೇಳಿ. ಗೂಬೆಯನ್ನು ಬಿಟ್ಟು ಹೇಳಿದರೂ ಅಡ್ಡಿಯಿಲ್ಲ, ಗಾಳಿಯನ್ನು ಬಿಟ್ಟರೂ ಅಡ್ಡಿಯಿಲ್ಲ. ಕೆಂಚವ್ವ ಮೊರ ಒದ್ದದ್ದನ್ನು ಮಾತ್ರ ಬಿಡಬೇಡಿ. ಮರಿಯ ಮೇಲೆ ಕೋಲೆತ್ತಿದವರಿಗೆ ಮೊದಲು ಅದನ್ನೇ ಹೇಳಿ.