ಅಗ್ಗದ ಇಂಜಿನ್ನು

ನಿರ್ವಾಣಪ್ಪಗಳ ಮೊಣಕಾಲು ಸೋತಿದ್ದವು. ಹಠ ಸೋತಿರಲಿಲ್ಲ.

ಹೊಳೆದಂಡೆಯ ಆಶ್ರಮದ ಗುರುಗಳಾದ ಅವರು ಪ್ರತಿ ಸೋಮವಾರ ಹಳೆಯ ಸೈಕಲ್ ಹತ್ತಿ ದಿಬ್ಬದಾಚೆಯ ಸುಣ್ಣದ ಭಟ್ಟಿಯ ಕೇರಿಗೆ ಹೋಗುತ್ತಿದ್ದರು. ಅಲ್ಲಿ ಫಕೀರವ್ವ ಎಂಬ ಕಣ್ಣು ಕಾಣದ ಮುದುಕಿಯ ಜಗಲಿಯ ಮೇಲೆ ಕೂತು, ಭಟ್ಟಿಯ ಕೆಲಸದವರೊಡನೆ ತತ್ವಪದ ಹಾಡಿ, ಸಂಜೆಗೆ ಮರಳುತ್ತಿದ್ದರು. ಈಗ ಆ ದಿಬ್ಬ ಏರುವುದು ಅವರಿಂದಾಗುತ್ತಿರಲಿಲ್ಲ.

ಆಶ್ರಮದ ಟ್ರಸ್ಟಿನ ಅಧ್ಯಕ್ಷರಾಗಿದ್ದ ಸಂಗನಗೌಡರಿಗೆ ಇದರಿಂದ ಒಳಗೊಳಗೇ ಸಮಾಧಾನವಾಯಿತು.

“ಇನ್ನ ಎಲ್ಲೂ ಹೋಗೂದು ಬ್ಯಾಡ್ರಿ, ಅಪ್ಪಾರ. ಗದ್ದಿಗಿ ಮ್ಯಾಲ ಕೂಡ್ರಿ. ಬೇಕಾದವರು ಇಲ್ಲಿಗೇ ಬರ್ತಾರ.”

“ಫಕೀರವ್ವ ಬಂದಿದ್ಲು. ಚಪ್ಪಲಿ ಬಿಡೂ ಕಡೆ ಕೂಡ್ರಿಸಿದ್ರಿ.”

ಗೌಡರು ಒಮ್ಮೆ ಕೆಮ್ಮಿದರು. “ಕಾರ್ ಕೊಡಸ್ತೀನ್ರಿ. ಡ್ರೈವರ್‌ನೂ ಇಡ್ತೀನಿ. ಹೇಳಿದಲ್ಲಿ ಕರಕೊಂಡು ಹೋಗ್ತಾನ.”

“ಭಟ್ಟಿ ಕೇರಿಗೂ?”

“ಅಲ್ಲಿ ಕಾರಿಗೆ ದಾರಿ ಇಲ್ಲಲ್ರಿ.”

“ಸೈಕಲ್ಲಿಗೆ ಐತಿ.”

ಗೌಡರು ಹೋದ ಮೇಲೆ ಅಪ್ಪಗಳು ಶಿಷ್ಯ ಅಡಿವೆಪ್ಪನನ್ನು ಕರೆದರು.

“ಸೈಕಲ್ಲಿಗೆ ಜೋಡಸೂ ಇಂಜಿನ್ ಪ್ಯಾಟ್ಯಾಗ ಸಿಗ್ತಾವಂತ. ಒಂದು ತಗೊಂಡು ಬಾ.”

ಅಡಿವೆಪ್ಪನಿಗೆ ಇದು ಹಿಡಿಸಲಿಲ್ಲ. ಮನೆ ಮಠ ಬಿಟ್ಟು ಈ ಗುರುವಿನ ಹಿಂದೆ ಬಂದವನು ಅವನು. ಗುರು ಎಂದರೆ ಎತ್ತರದಲ್ಲಿ ಕೂರಬೇಕು, ಜಗತ್ತು ತಾನಾಗಿ ಬಂದು ಕೈಮುಗಿಯಬೇಕು ಎಂದೇ ನಂಬಿದ್ದವನು.

“ಅಪ್ಪಾರ, ಹಾಲು ಮಾರೋರಂಗ ಪಟಪಟ ಅನ್ನಿಸಿಕೋತ ಹೋಗೂದು ನಿಮಗ ಶೋಭಾ ಅಲ್ರಿ.”

“ಹಾಲು ಮಾರೋರಿಗೆ ಶೋಭಾ ಐತೇನು?”

“ಅವರಿಗೆ ಐತ್ರಿ.”

“ಮತ್ತ ನನಗ ಯಾಕ ಇಲ್ಲ? ಹೋಗಿ ಬಾ.”

ಪೇಟೆಯ ಅಂಗಡಿಯಲ್ಲಿ ಎರಡು ತರಹದ ಇಂಜಿನ್‌ಗಳಿದ್ದವು. ಒಂದಕ್ಕೆ ವರ್ಷದ ಗ್ಯಾರಂಟಿ, ಬೆಲೆಯೂ ಜೋರು. ಇನ್ನೊಂದು ಹೆಸರಿಲ್ಲದ ರಟ್ಟಿನ ಡಬ್ಬಿಯಲ್ಲಿತ್ತು. ಅರ್ಧಕ್ಕಿಂತ ಕಡಿಮೆ ಬೆಲೆ.

“ಇದು ಹೆಂಗ್ರಿ?” ಎಂದು ಅಡಿವೆಪ್ಪ ರಟ್ಟಿನ ಡಬ್ಬಿ ತೋರಿಸಿದ.

ಅಂಗಡಿಯವನು ಮುಚ್ಚುಮರೆ ಮಾಡಲಿಲ್ಲ. “ಓಡೂವಷ್ಟು ದಿನ ಓಡತೈತಿ. ನಿಂತ ಮ್ಯಾಲ ನನ್ನ ಕೇಳಬ್ಯಾಡ್ರಿ.”

ಒಳ್ಳೆಯದನ್ನು ಕೊಳ್ಳುವಷ್ಟು ದುಡ್ಡನ್ನು ಅಪ್ಪಗಳು ಕೊಟ್ಟಿದ್ದರು. ಆದರೆ ಅಡಿವೆಪ್ಪನ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಒಳ್ಳೆಯದು ತಂದರೆ ಅಪ್ಪಗಳು ತಿರುಗುತ್ತಲೇ ಇರುತ್ತಾರೆ. ಕೆಟ್ಟದ್ದು ತಂದರೆ ನಾಲ್ಕು ಸಲ ತಳ್ಳಿ, ಬೇಸತ್ತು, ಗದ್ದುಗೆಯ ಮೇಲೆ ಕೂರುತ್ತಾರೆ.

ಅವನು ರಟ್ಟಿನ ಡಬ್ಬಿ ಹೊತ್ತು ತಂದ.

“ರೊಕ್ಕ ಇಷ್ಟ್ಯಾಕ ಉಳೀತು?” ಅಪ್ಪಗಳು ಕೇಳಿದರು.

“ಅಗ್ಗದ್ದು ಸಿಕ್ತ್ರಿ.”

ಅಪ್ಪಗಳು ಅವನ ಮುಖವನ್ನೇ ನೋಡಿದರು. ಆಮೇಲೆ, “ಜೋಡಸು” ಎಂದರು.

ಮೊದಲ ಸೋಮವಾರ ಇಂಜಿನ್ನು ಊರಿಗೆಲ್ಲ ಕೇಳುವಂತೆ ಸದ್ದು ಮಾಡುತ್ತ ದಿಬ್ಬ ಏರಿತು. ಕಾವಿ ಶಾಲು ಗಾಳಿಗೆ ಹಾರುತ್ತಿತ್ತು. ಅಡಿವೆಪ್ಪ ಇನ್ನೊಂದು ಸೈಕಲ್ ತುಳಿಯುತ್ತ, ಏದುಸಿರು ಬಿಡುತ್ತ, ತಲೆ ತಗ್ಗಿಸಿಕೊಂಡು ಹಿಂದೆ ಬಂದ.

ಮುಂದಿನ ವಾರ ಚೈನು ಕಳಚಿತು. ಅದರ ಮುಂದಿನ ವಾರ ಪ್ಲಗ್ಗು ಕೆಟ್ಟಿತು. ಇನ್ನೊಮ್ಮೆ ಪೈಪು ಸೀಳಿ ಪೆಟ್ರೋಲೆಲ್ಲ ದಾರಿಯ ಪಾಲಾಯಿತು. ಪ್ರತಿ ಸಲವೂ ಅಪ್ಪಗಳು ಇಳಿದು, ಕೈಯ ಮಸಿಯನ್ನು ಹುಲ್ಲಿಗೆ ಒರೆಸಿ, ಸೈಕಲ್ ತಳ್ಳುತ್ತ ನಡೆದರು. ಮೊಣಕಾಲು ನೋವಿಗೆ ತುಟಿ ಕಚ್ಚುತ್ತಿದ್ದರು. ನಿಲ್ಲುತ್ತಿರಲಿಲ್ಲ.

ಅಡಿವೆಪ್ಪನೇ ಕೊನೆಗೆ ಕೇಳಿದ. “ಸಾಕಾಗಿಲ್ಲೇನ್ರಿ, ಅಪ್ಪಾರ?”

“ಏನು?”

“ಈ ಇಂಜಿನ್ನು.”

“ಅದಕ್ಕ ಸಾಕಾಗೇತಿ. ನನಗಿಲ್ಲ.”

ಒಂದು ಸಂಜೆ ದಿಬ್ಬ ಇಳಿಯುವಾಗ ಇಂಜಿನ್ ಹಿಡಿದಿದ್ದ ಬೋಲ್ಟು ಕಡಿಯಿತು. ಇಂಜಿನ್ನು ವಾಲಿ, ಚೈನು ಹಿಂದಿನ ಗಾಲಿಗೆ ಸಿಕ್ಕಿತು. ಓಡುತ್ತಿದ್ದ ಗಾಲಿ ಗಪ್ಪನೆ ಹಿಡಿದುಕೊಂಡಿತು. ಅಪ್ಪಗಳು ಗರಸಿನ ಕಲ್ಲುಮಣ್ಣಿನ ಮೇಲೆ ಹೋಗಿ ಬಿದ್ದರು.

ಅಡಿವೆಪ್ಪ ಸೈಕಲ್ ಎಸೆದು ಓಡಿಬಂದ. ಅವರ ಹಣೆ ಒಡೆದಿತ್ತು. ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಅವನು ತನ್ನ ಪಂಚೆಯ ಅಂಚು ಹರಿದು ಗಾಯಕ್ಕೆ ಒತ್ತಿ ಹಿಡಿದ.

“ಅಪ್ಪಾರ, ಇದು ನನ್ನ ತಪ್ಪು. ಇದು ಕೆಡತೈತಿ ಅಂತ ಗೊತ್ತಿದ್ದೂ ತಂದೀನ್ರಿ. ಬ್ಯಾಸತ್ತು ಕೂಡ್ರತೀರಿ ಅಂದಕೊಂಡಿದ್ದೆ.”

ಅಪ್ಪಗಳು ಅಲ್ಲೇ ಮಣ್ಣಿನಲ್ಲಿ ಎದ್ದು ಕೂತರು. ನೀರು ಕೇಳಿದರು. ಕುಡಿದರು.

“ನನ್ನ ಕೂಡ್ರಸಾಕ ಗೌಡ್ರು ಕಾರು ಕೊಡಸ್ತೀನಿ ಅಂದ್ರು. ನೀ ಇದನ್ನ ತಂದಿ.”

ಅಡಿವೆಪ್ಪ ಬಿಕ್ಕಿದ. “ಇದನ್ನ ಹೊಳಿಗೆ ಒಗದು ಬರ್ತೀನ್ರಿ. ನಾಳೆನ ಛಲೋದು ತರ್ತೀನಿ.”

ಅಪ್ಪಗಳು ಸೈಕಲ್ಲಿನ ಚೀಲದಿಂದ ಬೋಲ್ಟು ಬಿಗಿಯುವ ಪಾನಾ ತೆಗೆದು ಅವನ ಅಂಗೈಯಲ್ಲಿಟ್ಟರು.

“ಕೆಡಲಿ ಅಂತ ತಂದಿ. ಇನ್ನ ಕೆಡದಂಗ ನೋಡಕೋ.”

ಮರುದಿನ ಅಡಿವೆಪ್ಪ ಆ ಇಂಜಿನ್ನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಪೇಟೆಯ ದಸ್ತಗೀರಸಾಬರ ಗ್ಯಾರೇಜಿಗೆ ಹೋದ. ಅವರ ಅಂಗಳ ಗುಡಿಸಿದ, ಟೈರು ಎತ್ತಿಟ್ಟ. ಅದಕ್ಕೆ ಬದಲಾಗಿ ಅವರು ಕಲಿಸಿದರು. ಬೋಲ್ಟು ದಪ್ಪದ್ದು ಹಾಕಿಸಿದರು, ಅದುರಾಟ ತಡೆಯಲು ನಡುವೆ ರಬ್ಬರು ಕೊಟ್ಟು ಬಿಗಿಸಿದರು. ಚೈನು ಬದಲಾಯಿತು, ಪ್ಲಗ್ಗು ಬದಲಾಯಿತು. ಕಾರ್ಬೊರೇಟರು ಬಿಚ್ಚಿ ಊದಿ ಕೂಡಿಸುವುದು ಅವನಿಗೆ ಕೈವಶವಾಯಿತು. ಅಂಗಡಿಯಲ್ಲಿ ಉಳಿಸಿದ್ದ ದುಡ್ಡೆಲ್ಲ ಅದಕ್ಕೇ ಹೋಯಿತು. ಮತ್ತಷ್ಟು ಹೋಯಿತು.

“ಇದಕ್ಕ ಸುರಿದಿದ್ರಾಗ ಛಲೋ ಇಂಜಿನ್ ಎರಡು ಬರ್ತಿದ್ವ್ರಿ” ಎಂದು ಅವನು ಹಲುಬಿದ.

“ಬರ್ತಿದ್ವು. ನೀ ನನ್ನ ಹಾದಿಗೆ ಬರ್ತಿದ್ದಿಲ್ಲ” ಎಂದರು ಅಪ್ಪಗಳು.

ಹಣೆಯ ಗಾಯ ಮಾಗುವ ಮೊದಲೇ ಅವರು ಮತ್ತೆ ಸೈಕಲ್ ಹೊರಗೆ ತೆಗೆಸಿದರು. ಅದು ಸೋಮವಾರ. ಆಶ್ರಮದ ಹೆಬ್ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿತ್ತು. ಬಾಗಿಲ ಮುಂದೆ ಸಂಗನಗೌಡರು ನಿಂತಿದ್ದರು. ಅಂದು ದೊಡ್ಡ ದಾನಿಗಳು ಬರುವವರಿದ್ದರು. ಗದ್ದುಗೆಗೆ ಹೂವಿನ ಅಲಂಕಾರ ಆಗಿತ್ತು. ಅಂಗಳದ ತುಂಬ ಭಕ್ತರು ಕೂತಿದ್ದರು.

“ಹಣಿ ಒಡಕೊಂಡು ಬಂದ್ರಿ, ಅಪ್ಪಾರ. ನಾಳೆ ಏನರೆ ಆದ್ರ ಊರ ಮಂದಿಗೆ ನಾ ಏನ್ ಹೇಳ್ಲಿ?” ಗೌಡರ ದನಿಯಲ್ಲಿ ಸಿಟ್ಟಿತ್ತು. ನಿಜವಾದ ಹೆದರಿಕೆಯೂ ಇತ್ತು.

“ಹೊಂಟಿದ್ದ, ಬಿದ್ದ ಅಂತ ಹೇಳ್ರಿ.”

ಗೌಡರು ಅಡಿವೆಪ್ಪನ ಕಡೆ ತಿರುಗಿದರು. ಇವನು ಮೊದಲಿನಿಂದ ತಮ್ಮ ಪಕ್ಷದವನೇ ಎಂದು ಅವರಿಗೆ ಗೊತ್ತಿತ್ತು.

“ನೀ ಹೇಳೋ ಅಡಿವೆಪ್ಪ. ಎಲ್ಲಾರ ಮುಂದ ಹೇಳು. ಈ ಇಂಜಿನ್ ನಂಬೂ ಹಂಗೈತೇನು?”

ಅಂಗಳವೆಲ್ಲ ಅವನನ್ನೇ ನೋಡಿತು. “ಐತ್ರಿ” ಎಂದುಬಿಡುವುದು ಸುಲಭವಿತ್ತು. ಆದರೆ ಅದರ ಒಂದೊಂದು ಬೋಲ್ಟೂ ಈಗ ಅವನಿಗೆ ಗೊತ್ತಿತ್ತು.

“ಇಲ್ರಿ” ಎಂದ. “ನಂಬೂ ಹಂಗಿಲ್ಲ.”

“ಕೇಳಿದ್ರಿಲ್ಲೋ, ಅಪ್ಪಾರ?” ಗೌಡರ ಮುಖ ಅರಳಿತು.

ಅಡಿವೆಪ್ಪ ಪಾನಾವನ್ನು ಸೊಂಟಕ್ಕೆ ಸಿಕ್ಕಿಸಿದ. ತನ್ನ ಸೈಕಲ್ ತಂದು ಗುರುವಿನ ಹಿಂದೆ ನಿಲ್ಲಿಸಿದ.

“ಅದಕ್ಕ ನಾನೂ ಹೊಂಟೀನ್ರಿ, ಗೌಡ್ರ.”

“ಹೋದ್ರ ನಿನಗ ಇಲ್ಲಿ ಅನ್ನ ಇಲ್ಲ. ನೆನಪಿರಲಿ!”

“ಭಟ್ಟಿ ಕೇರ್ಯಾಗ ರೊಟ್ಟಿ ಬಡೀತಾರ್ರಿ.”

ಅಂಗಳದಲ್ಲಿ ಯಾರೋ ನಕ್ಕರು. ಒಬ್ಬ ಹೆಂಗಸು ಎದ್ದು ಬಂದು ಅಡಿವೆಪ್ಪನ ಬದಿಗೆ ನಿಂತಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ನೋಡುನೋಡುತ್ತ ಅರ್ಧ ಅಂಗಳ ಎದ್ದು ಸೈಕಲ್ಲುಗಳ ಹಿಂದೆ ನಿಂತಿತ್ತು.

ಅಪ್ಪಗಳು ಶಾಲು ಸೊಂಟಕ್ಕೆ ಬಿಗಿದು ಸೈಕಲ್ ಏರಿದರು. ಗೌಡರು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದರು. ಅವರ ಬೆರಳ ನಡುವೆ ಬೀಗದ ಕೈ ಗಲಗಲ ಎನ್ನುತ್ತಿತ್ತು.

“ನಡುದಾರ್ಯಾಗ ಇದು ನಿಂತ್ರ ಏನ್ ಮಾಡ್ತೀರಿ, ಅಪ್ಪಾರ? ಏನ್ ಮಾಡ್ತೀರಿ?”

“ನಿಂತಲ್ಲಿ ಇಳೀತೀನಿ” ಎಂದರು ನಿರ್ವಾಣಪ್ಪಗಳು. “ನೀವು ಬಾಗಲಾ ತಗೀರಿ.”