ಜೋಡಿಸಲೇ ಎಂದಾಗ ಹೌದು ಎಂದವನು

ಹೊಳೆಯ ದಂಡೆಯಲ್ಲಿ ಪೂರ್ಣಾಂಬೆಯವರ ಆಶ್ರಮ. ಸಾಲಾಗಿ ಕೆಲವು ಕೋಣೆ, ಒಂದು ಅಡುಗೆಮನೆ, ಒಂದು ಹಸು, ಅದರ ಕರು. ಗುರುವನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು.

ಶಿಷ್ಯ ಸುಧನ್ವ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ಬಂದವನು. ಫೋನನ್ನು ಬಿಟ್ಟು ಬಂದಿರಲಿಲ್ಲ. ಆಶ್ರಮದ ಫೋಟೊ, ಅಮ್ಮನ ಮಾತು ಎಲ್ಲವನ್ನೂ ಲೋಕಕ್ಕೆ ತಲುಪಿಸುವ ಕೆಲಸ ಅವನದೇ ಆಗಿತ್ತು.

ಒಂದು ಸಂಜೆ ಅವನು ಅಮ್ಮನ ಮುಂದೆ ಕೂತು ಫೋನು ತೋರಿಸಿದ. ಆಶ್ರಮದ ಖಾತೆ, ತನ್ನ ಸ್ವಂತದ್ದು, ಕಾಲೇಜಿನ ದಿನಗಳ ಹಳೆಯದು, ಗುರುಬಂಧುಗಳಿಗೆ ಮಾತ್ರ ಕಾಣುವ ಪುಟ್ಟದು, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿಬಿಟ್ಟಿದ್ದ. ಈಗ ಒಂದನ್ನು ಮುಟ್ಟಿದರೆ ಸಾಕಂತೆ, ಮಿಕ್ಕದ್ದು ತಾನಾಗಿ ಆಗುತ್ತದಂತೆ. ಜೋಡಿಸಲೇ ಎಂದು ಫೋನೇ ಕೇಳಿತಂತೆ. ಇವನು ಹೌದು ಎಂದನಂತೆ.

"ಅದು ಕೇಳಿದ್ದಕ್ಕೆಲ್ಲ ಹೌದು ಅಂತೀಯಾ?"

"ಎಲ್ಲವೂ ಒಂದೇ ಅಂತ ನೀವೇ ಹೇಳಿಕೊಟ್ಟಿದ್ದು, ಅಮ್ಮ."

ಅಮ್ಮ ಕೊಟ್ಟಿಗೆಯಲ್ಲಿ ಉದ್ದನೆಯ ಹಗ್ಗ ಇದೆಯೇ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಸುಧನ್ವ ಸ್ನಾನಕ್ಕೆಂದು ತನ್ನ ಕೋಣೆಯ ಬಾಗಿಲನ್ನು ಹೊರಕ್ಕೆ ತಳ್ಳಿದ. ಆ ಬಾಗಿಲಿನ ಬಳೆಗೆ ಕಟ್ಟಿದ್ದ ಹಗ್ಗ ಪಕ್ಕದ ಬಾಗಿಲನ್ನು ಎಳೆಯಿತು. ಅದು ಅದರ ಪಕ್ಕದ್ದನ್ನು. ಚಿಲಕ ಹಾಕಿಕೊಳ್ಳುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ. ಕೊಟ್ಟಿಗೆಯಿಂದ ಅಡುಗೆಮನೆಯವರೆಗೆ ಸಾಲಿಗೆ ಸಾಲೇ ತೆರೆದುಕೊಂಡಿತು.

ಕರು ನೆಟ್ಟಗೆ ಅಡುಗೆಮನೆಗೆ ನುಗ್ಗಿ ಹರಿವೆ ಸೊಪ್ಪಿಗೆ ಬಾಯಿ ಹಾಕಿತು. ಬೆಳಗಿನ ಧ್ಯಾನಕ್ಕೆ ಯಾರೂ ಅಡ್ಡಿ ಮಾಡಬಾರದೆಂದು ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಹಿರಿಯ ಸಾಧಕರೊಬ್ಬರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದುದು ಎಲ್ಲರಿಗೂ ಕಂಡಿತು.

ಸುಧನ್ವ ಮನಸಾರೆ ನಕ್ಕ. ಅಮ್ಮನ ಲೀಲೆ ಎಂದ. ಸೊಪ್ಪು ಮೆಲ್ಲುತ್ತಿದ್ದ ಕರುವಿನ ಫೋಟೊ ತೆಗೆದು ಆಶ್ರಮದ ಖಾತೆಗೆ ಹಾಕಿದ. ಅದು ಅವನ ಎಲ್ಲ ಖಾತೆಗಳಿಗೂ ಹೋಯಿತು.

ಅಮ್ಮ ಹಗ್ಗ ಬಿಚ್ಚಿ ಸುತ್ತಿಟ್ಟರು.

ಆ ದಿನಗಳಲ್ಲಿ ಆಶ್ರಮದಲ್ಲಿ ಇಂದುಮತಿ ಎಂಬ ಹೆಣ್ಣುಮಗಳಿದ್ದಳು. ಗಂಡನ ಏಟು ತಾಳಲಾರದೆ ಬಂದವಳು. ತವರಿಗೆ ಹೋದಾಗಲೆಲ್ಲ ಅವನು ಅಲ್ಲಿಗೂ ಬಂದು ಎಳೆದೊಯ್ದಿದ್ದ. ಈ ಸಲ ತವರಿನವರಿಗೂ ಹೇಳದೆ ಹೊರಟಿದ್ದಳು. ದೂರದ ಯಾವುದೋ ಊರಿನಲ್ಲಿ ತಾನೇ ಒಂದು ಕೆಲಸ ಗೊತ್ತು ಮಾಡಿಕೊಂಡಿದ್ದಳು. ಕೆಲಸ ಕೊಟ್ಟವರು ಬಾ ಎನ್ನುವವರೆಗೆ ಯಾರ ಕಣ್ಣಿಗೂ ಬೀಳದೆ ಇದ್ದರೆ ಅವಳು ಗೆದ್ದಂತೆ.

ಅವಳ ಮುಖ ಯಾವ ಫೋಟೊದಲ್ಲೂ ಬರಕೂಡದು ಎಂದು ಅಮ್ಮ ಹೇಳಿದ್ದರು. ಸುಧನ್ವ ಆ ಮಾತನ್ನು ಮೀರಲಿಲ್ಲ. ಅವಳು ಜಗಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಗ ಹಿಂದಿನಿಂದ ಒಂದು ಫೋಟೊ ತೆಗೆದ. ಬೆನ್ನು, ಬಿಸಿಲು, ಸಾಸಿವೆ ಬಣ್ಣದ ಸೀರೆ. ಅಷ್ಟೇ. ಅದನ್ನೂ ಗುರುಬಂಧುಗಳ ಪುಟ್ಟ ಖಾತೆಗೆ ಮಾತ್ರ ಹಾಕಿದ.

ಮಧ್ಯಾಹ್ನ ಅವನ ಕಾಲೇಜಿನ ದಿನಗಳ ಖಾತೆಯಲ್ಲಿ, ಅದೇ ಫೋಟೊದ ಕೆಳಗೆ, ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು: "ಸರ್, ಈ ಸೀರೆ ನಾನು ಕೊಡಿಸಿದ್ದು. ನಮ್ಮ ಅತ್ತಿಗೆ ನಿಮ್ಮಲ್ಲಿ ಏನು ಮಾಡ್ತಿದ್ದಾಳೆ?"

ಅವಳು ಇಂದುಮತಿಯ ಗಂಡನ ತಂಗಿ. ಫೋಟೊದ ಮೇಲೆ ಆಶ್ರಮದ ಹೆಸರನ್ನೂ ಅಲ್ಲಿಗೆ ಬರುವ ದಾರಿಯನ್ನೂ ಫೋನೇ ಸೇರಿಸಿ ಕೊಟ್ಟಿತ್ತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬಂತು. ಅಣ್ಣ ನಾಳೆ ಬೆಳಿಗ್ಗೆ ಬರುತ್ತಾನೆ.

ಸುಧನ್ವ ಹೊಳೆಯ ಮೆಟ್ಟಿಲಿಗೆ ಓಡಿದ. ಅಮ್ಮ ಅಲ್ಲಿ ಬಟ್ಟೆ ಹಿಂಡುತ್ತಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿ, ನಾನು ಹಾಕಿದ್ದು ಅಲ್ಲಿಗಲ್ಲ, ಅಲ್ಲಿಗೆ ಹೇಗೆ ಹೋಯಿತೋ ಎಂದ. ಹೊರಗಿನ ಖಾತೆಗಳದು ಒಳಗಿನ ಪುಟ್ಟದಕ್ಕೆ ಬರುತ್ತದೆ ಎಂದಷ್ಟೇ ಅವನು ತಿಳಿದಿದ್ದ. ಒಳಗಿನದೂ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂಬುದು ಹೊಳೆದಿರಲಿಲ್ಲ.

"ಎಲ್ಲವೂ ಒಂದೇ ಅನ್ನೋದು ಹಾಗಾದ್ರೆ ಸುಳ್ಳಾ, ಅಮ್ಮ?"

"ನೀರೆಲ್ಲ ಒಂದೇ. ಹಾಗಂತ ಬಚ್ಚಲಿಗೂ ಕುಡಿಯೋ ಕೊಡಕ್ಕೂ ಒಂದೇ ಪೈಪು ಹಾಕಿದವನನ್ನ ಯಾರೂ ಜ್ಞಾನಿ ಅನ್ನಲ್ಲ."

ಅಮ್ಮ ಬಟ್ಟೆಯನ್ನು ಅಲ್ಲೇ ಬಿಟ್ಟು ಇಂದುಮತಿಯ ಬಳಿಗೆ ಹೋದರು. ಅವರಿಬ್ಬರ ಮಾತು ಬೇಗ ಮುಗಿಯಿತು. ಇಂದುಮತಿ ಆಶ್ರಮದ ಫೋನಿನಿಂದ ಯಾರಿಗೋ ಮಾತಾಡಿದಳು. ಕೆಲಸ ಕೊಟ್ಟವರು ಈಗಲೇ ಬಂದರೂ ಆಗುತ್ತದೆ ಎಂದರು. ಸಂಜೆ ಹಾಲಿನ ವ್ಯಾನು ಬರುತ್ತದೆ, ಅದರಲ್ಲಿ ಹೊರಡುವುದು ಎಂದಾಯಿತು.

ಸುಧನ್ವ ಅವಳ ಮುಂದೆ ಹೋಗಿ ನಿಂತ.

ಇಂದುಮತಿ ಬಟ್ಟೆ ಮಡಿಸುತ್ತಲೇ ನಕ್ಕು ಹೇಳಿದಳು: "ಫೋಟೊ ಚೆನ್ನಾಗಿ ಬಂದಿತ್ತು, ಅಣ್ಣ. ಸೀರೆನೇ ಬಾಯಿಬಡುಕಿ. ಕೊಟ್ಟವಳ ಹಾಗೇ."

ಆ ಸೀರೆಯನ್ನು ಅವಳು ಚೀಲಕ್ಕೆ ಹಾಕಲಿಲ್ಲ. ಬಿಸಿ ಪಾತ್ರೆ ಇಳಿಸಲು ಆಗುತ್ತದೆ ಎಂದು ಅಡುಗೆಮನೆಗೆ ಕೊಟ್ಟಳು.

ಅವಳು ನಕ್ಕಿದ್ದು ಸುಧನ್ವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹಿಂದಿರುಗಿ ಬಂದು, ಈ ಫೋನನ್ನು ಹೊಳೆಗೆ ಎಸೆಯುತ್ತೇನೆ ಎಂದ.

"ಮೀನು ನಿನಗೇನು ಮಾಡಿದ್ವು?" ಎಂದರು ಅಮ್ಮ. "ನೀನು ಎಸೆದರೂ ನೀನು ಕಟ್ಟಿದ್ದು ಹೊರಗೆ ಹಾಗೇ ಇರುತ್ತೆ. ಕೂತ್ಕೋ. ಒಂದೊಂದನ್ನೇ ಬಿಡಿಸು."

ಅವನು ಜಗಲಿಯ ಮೇಲೆ ಕೂತ. ಅಮ್ಮ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯತೊಡಗಿದರು.

ಮೊದಲು ಆ ಫೋಟೊವನ್ನು ಎಲ್ಲ ಕಡೆಯಿಂದಲೂ ತೆಗೆದ. ಪುಟ್ಟ ಖಾತೆಯನ್ನು ಬೇರೆ ಮಾಡಿದ. ಹಳೆಯದನ್ನು ಬೇರೆ ಮಾಡಿದ. ಹುಡುಕುತ್ತ ಹೋದಂತೆ ಅವನಿಗೇ ಮರೆತುಹೋಗಿದ್ದವೂ ಸಿಕ್ಕವು. ಬಸ್ಸಿನಲ್ಲಿ ಹೊತ್ತು ಹೋಗದೆ ಒಮ್ಮೆ ಆಡಿದ್ದ ಹಣ್ಣು ಕತ್ತರಿಸುವ ಆಟ ಅವನ ಪರಿಚಯದವರ ಹೆಸರುಗಳನ್ನೆಲ್ಲ ಇನ್ನೂ ಹಿಡಿದುಕೊಂಡು ಕೂತಿತ್ತು. ಅದರ ಹಿಂದೆ ವಧೂವರರ ತಾಣವೊಂದು ಬಂತು. ಅದರಲ್ಲಿ ಅವನ ಫೋಟೊ, ಎತ್ತರ, ಮೈಬಣ್ಣ ಎಲ್ಲ ಇತ್ತು.

ಅಮ್ಮ ಅವರೆಕಾಳನ್ನು ಕೈಯಲ್ಲೇ ಹಿಡಿದು ಅವನ ಕಡೆ ನೋಡಿದರು.

"ಹೆತ್ತವಳ ಕೆಲಸ," ಎಂದ ಸುಧನ್ವ, ತಲೆ ತಗ್ಗಿಸಿ.

"ಬಣ್ಣ ಗೋಧಿ ಅಂತ ಹಾಕಿದ್ದಾರೆ. ಉದಾರಿ." ಅಮ್ಮ ಮತ್ತೆ ಕಾಯಿಗೆ ಕೈ ಹಾಕಿದರು.

ಪ್ರತಿ ಸಲವೂ ಫೋನು ತಡೆಯುತ್ತಿತ್ತು. ಬೇರ್ಪಡಿಸಿದರೆ ಗೆಳೆಯರು ನಿಮ್ಮನ್ನು ಸುಲಭವಾಗಿ ಹುಡುಕಲಾರರು ಎನ್ನುತ್ತಿತ್ತು. ನಿಜವಾಗಿಯೂ ಬೇರ್ಪಡಿಸಬೇಕೇ ಎಂದು ಕೇಳುತ್ತಿತ್ತು. ಅವನ ಬೆರಳು ಹಿಂಜರಿಯಿತು.

"ಏನಂತೆ ಅದು?"

"ನಿಜವಾಗಿಯೂ ಬೇಕಾ ಅಂತ ಕೇಳ್ತಿದೆ."

"ಕಟ್ಟುವಾಗ ಕೇಳಿದ್ದಕ್ಕೆಲ್ಲ ಹೌದು ಅಂದವನಲ್ಲವಾ ನೀನು. ಈಗಲೂ ಹೌದು ಅನ್ನು."

ಅವರೆಕಾಯಿ ಮುಗಿಯುವ ಹೊತ್ತಿಗೆ ಅವನ ಕೆಲಸವೂ ಮುಗಿಯಿತು. ಹೊತ್ತು ಇಳಿಯುತ್ತಿದ್ದಂತೆ ಹಾಲಿನ ವ್ಯಾನು ಬಂತು. ಇಂದುಮತಿಯ ಜೊತೆ ಗೇಟಿನವರೆಗೆ ಅಮ್ಮ ಒಬ್ಬರೇ ಹೋದರು. ಸುಧನ್ವನಿಗೆ ಕೊಟ್ಟಿಗೆ ಗುಡಿಸುವ ಕೆಲಸ ಹೇಳಿದ್ದರು. ವ್ಯಾನು ಎಡಕ್ಕೆ ತಿರುಗಿತೋ ಬಲಕ್ಕೋ ಅವನಿಗೆ ಕಾಣಲಿಲ್ಲ.

ಬೆಳಿಗ್ಗೆ ಗಂಡ ಬಂದ. ಜೊತೆಗೆ ಅವನ ಅಣ್ಣನೂ ಇದ್ದ. ಗೇಟಿಗೆ ನೀನೇ ಹೋಗು ಎಂದರು ಅಮ್ಮ.

"ಸುಳ್ಳು ಹೇಳಬೇಕಾಗುತ್ತೆ, ಅಮ್ಮ."

"ಒಂದೂ ಹೇಳಬೇಡ. ಗೊತ್ತಿರೋದನ್ನೆಲ್ಲ ಹೇಳು."

ಸುಧನ್ವ ಗೇಟಿನಲ್ಲಿ ನಿಂತು ಗೊತ್ತಿದ್ದುದನ್ನೆಲ್ಲ ಹೇಳಿದ. ಇದ್ದಳು, ನಿನ್ನೆ ಹೊರಟಳು, ಯಾವ ಊರಿಗೋ ನನಗೆ ತಿಳಿಯದು. ಗಂಡ ಅವನ ಕಣ್ಣುಗಳನ್ನೇ ದಿಟ್ಟಿಸಿದ. ಅವುಗಳಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ಅಣ್ಣ ತನ್ನ ಫೋನಿನಲ್ಲಿ ಸುಧನ್ವನ ಖಾತೆ ತೆರೆದು ಹುಡುಕಿದ. ಒಂದೆರಡು ಸೂರ್ಯಾಸ್ತ ಸಿಕ್ಕಿತು, ಸೊಪ್ಪು ತಿನ್ನುವ ಒಂದು ಕರು ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಎಲ್ಲಿಗೂ ಹೋಗಲಾಗಲಿಲ್ಲ.

ಅವರು ಕೂಗಾಡಿದರು. ಕೋಣೆಗಳನ್ನೆಲ್ಲ ನೋಡಬೇಕೆಂದರು. ನೋಡಿ ಎಂದ ಸುಧನ್ವ. ನೋಡಿದರು. ಬಿಸಿಲು ಏರುವ ಮೊದಲೇ ಅವರ ಬೈಕು ರಸ್ತೆಗೆ ಇಳಿಯಿತು.

ಸುಧನ್ವ ಬಂದು ಅಮ್ಮನ ಎದುರು ಕೂತ. ಮನಸ್ಸು ಹಗುರಾಗಿತ್ತು. ಅವಳಿಗೆ ಒಂದು ಮಾತು ತಲುಪಿಸಬೇಕು, ಕ್ಷಮೆ ಕೇಳಬೇಕು, ಇನ್ನು ಭಯವಿಲ್ಲ ಎಂದು ಹೇಳಬೇಕು ಎಂದ.

"ನನ್ನನ್ನ ನಂಬಿ, ಅಮ್ಮ. ಈ ಸಲ ಯಾರಿಗೂ ಹೇಳಲ್ಲ."

"ನಂಬದೆ ನಿನ್ನನ್ನೇ ಗೇಟಿಗೆ ಕಳಿಸ್ತಿದ್ದೆನಾ?"

"ಹಾಗಾದ್ರೆ ಊರಿನ ಹೆಸರು ಹೇಳಿ. ನಿಮಗೂ ಹೇಳದೆ ಹೋಗಿರ್ತಾಳಾ ಅವಳು?"

"ಹೇಳಲು ಬಂದಳು," ಎಂದರು ಅಮ್ಮ. "ನಾನೇ ಕಿವಿ ಮುಚ್ಚಿಕೊಂಡೆ."