ಎತ್ತಿದ ಹಿಮ್ಮಡಿ

ದಾನಮ್ಮನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಸೈಕಲ್ ಪಂದ್ಯದ ಹುಡುಗಿಗೆ ಅದು ಒಳ್ಳೆಯದೇ ಅನ್ನಿ. ಆದರೆ ಆ ತಿಂಗಳು ಅವಳ ಚಡಪಡಿಕೆ ಹೇಳತೀರದು. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಿತ್ತು. ಅಷ್ಟರೊಳಗೆ ತನ್ನ ಮೈಯಳತೆಯ ಹೊಸ ಸೈಕಲ್ ಕೈಗೆ ಬರಬೇಕಿತ್ತು.

ಅವಳಿಗೊಂದು ಗುಟ್ಟಿತ್ತು. ಚಿಕ್ಕಂದಿನಲ್ಲಿ ಮುರಿದು ಕೂಡಿದ ಎಡಗಾಲು ಬಲಗಾಲಿಗಿಂತ ಒಂದು ಬೆರಳಿನ ದಪ್ಪದಷ್ಟು ಗಿಡ್ಡ. ತರಬೇತುದಾರರ ಕಿವಿಗೆ ಬಿದ್ದರೆ ತನ್ನನ್ನು ಕೈಬಿಡುತ್ತಾರೆಂದು ಹೆದರಿ ಯಾರಿಗೂ ಹೇಳಿರಲಿಲ್ಲ.

ಸವಾರರ ಅಳತೆಗೆ ತಕ್ಕಂತೆ ಫ್ರೇಮ್ ಬೆಸೆದುಕೊಡುತ್ತಿದ್ದ ರಜಾಕಸಾಬ ಅವಳನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ. ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿ, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಬಿಟ್ಟ. ಸೊಂಟ ವಾಲದಿರಲೆಂದು ದಾನಮ್ಮ ಎಡ ಹಿಮ್ಮಡಿಯನ್ನು ತುಸುವೇ ಎತ್ತಿದಳು. ಉದ್ದನೆಯ ಪೈಜಾಮ ಅದನ್ನು ಮುಚ್ಚಿತು.

ಆಮೇಲೆ ರಜಾಕಸಾಬ ಚಾಪೆ ಹಾಸಿದ.

"ಈಗ ಮಲಗವಾ. ನಿಂತಾಗೊಂದು, ಮಲಗಿದಾಗೊಂದು, ಎರಡ ಸಲ ಅಳತಿ ತಗೋತೀನಿ ನಾ."

ಮಲಗಿದರೆ ಹಿಮ್ಮಡಿ ಎತ್ತಲಾದೀತೆ? ದಾನಮ್ಮ ಚಪ್ಪಲಿಯತ್ತ ಸರಿದಳು.

"ಆತಲ್ರಿ ಕಾಕಾ, ಮತ್ತ್ಯಾಕ? ನನಗ ಪ್ರ್ಯಾಕ್ಟೀಸಿಗೆ ಹೊತ್ತಾತು. ಲಗೂ ಕೆಲಸ ಶುರು ಮಾಡ್ರಿ," ಎಂದವಳೇ ಚಪ್ಪಲಿ ಮೆಟ್ಟಿ ನಡೆದಳು.

ದಿನಾ ಅಂಗಡಿಗೆ ಎಡತಾಕಿದಳು. "ಇನ್ನೂ ಆಗಿಲ್ಲೇನ್ರಿ?" ಎಂದು ಪ್ರಾಣ ತಿಂದಳು. ಆಯ್ಕೆಯ ಹಿಂದಿನ ದಿನ ಸೈಕಲ್ ಕೈಗೆ ಬಂತು. ಕಣ್ಣಿಗೆ ಚಂದ, ಕಾಲಿಗೆ ಕಾಟ. ಸೀಟು ಏರಿಸಿದರೆ ಎಡಗಾಲಿಗೆ ಪೆಡಲ್ ಎಟುಕದು. ಇಳಿಸಿದರೆ ಬಲ ಮೊಣಕಾಲು ನೋವು. ಮರುದಿನ ಆಯ್ಕೆಯ ಪಂದ್ಯದಲ್ಲಿ ಅರ್ಧ ದಾರಿಗೇ ಸೊಂಟ ಉರಿಯತೊಡಗಿತು. ಒಬ್ಬೊಬ್ಬರಾಗಿ ಎಲ್ಲರೂ ಅವಳನ್ನು ದಾಟಿ ಹೋದರು. ದಾನಮ್ಮ ರಸ್ತೆ ಬದಿಯಲ್ಲಿ ಕುಸಿದು ಕೂತಳು.

ಸಿಟ್ಟು ಯಾರ ಮೇಲೆ ಗೊತ್ತೇ? ರಜಾಕಸಾಬನ ಮೇಲೆ.

"ನಿಮ್ಮ ಅಳತಿ ತಪ್ಪೈತಿ ಕಾಕಾ. ನನ್ನ ಬಾಳೇವು ಹಾಳು ಮಾಡಿದ್ರಿ," ಎಂದು ಅಂಗಡಿಯಲ್ಲಿ ಅತ್ತಳು.

ರಜಾಕಸಾಬ ಮತ್ತೆ ಚಾಪೆ ಹಾಸಿದ. ಈ ಸಲ ಅವಳು ಮಲಗಿದಳು. ಎರಡು ಹಿಮ್ಮಡಿಗಳ ನಡುವಿನ ಆ ಬೆರಳಿನ ಅಂತರ ಇಬ್ಬರಿಗೂ ಕಂಡಿತು.

"ಡಾಕ್ಟರ ಮುಂದ, ವಕೀಲನ ಮುಂದ ಸುಳ್ಳ ಹೇಳಬಾರದಂತಾರ. ಅಳತಿ ತಗೊಳ್ಳಾವನ ಮುಂದೂ ಹೇಳಬಾರದವಾ," ಎಂದ ರಜಾಕಸಾಬ. "ನಂದೂ ತಪ್ಪೈತಿ. ನಿನ್ನ ಅವಸರಕ್ಕ ನಾನೂ ಕುಣದೆ."

ಅವಳ ಎಡ ಬೂಟಿನ ಅಡಿಗೆ ಬೆರಳು ದಪ್ಪದ ಗಟ್ಟಿ ಪಟ್ಟಿ ಕೂರಿಸಿದ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

"ಇಷ್ಟೇ ಏನ್ರಿ?" ಎಂದಳು ದಾನಮ್ಮ.

"ಇಷ್ಟೇ."

ಮರುದಿನ ಬೆಳಿಗ್ಗೆ ಅವಳು ಸೈಕಲ್ ಏರಿದಳು. ಪೆಡಲ್ ಎರಡೂ ಪಾದಕ್ಕೆ ಸರಿಯಾಗಿ ಸಿಕ್ಕಿತು. ನೋವು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದಳು, ಬರಲಿಲ್ಲ. ಅಷ್ಟರಲ್ಲಿ ಆಯ್ಕೆಯಾದವರ ಬಸ್ಸು ಅವಳ ಪಕ್ಕದಲ್ಲೇ ಹಾದುಹೋಯಿತು. ಊರ ಕೊನೆಯವರೆಗೂ ಅವಳು ಅದರ ಹಿಂದೆಯೇ ತುಳಿದಳು. ಬಸ್ಸು ನಿಲ್ಲಲಿಲ್ಲ.

ನೀತಿ: ಊರಿಗೆ ಮುಚ್ಚಿಟ್ಟ ಕೊರತೆಯನ್ನು, ಅದನ್ನು ಸರಿಪಡಿಸಬಲ್ಲವರ ಮುಂದೆಯಾದರೂ ಬಿಚ್ಚಿಡಬೇಕು. ಅಳತೆ ಕೊಡುವಾಗ ಇದ್ದ ಹಾಗೆ ನಿಲ್ಲದವರಿಗೆ ಯಾವ ಸೈಕಲ್ಲೂ ಒಗ್ಗದು.